ನೀರುಗಂಟಿ ಮಾದಣ್ಣನ ಹಿಡಿ ತೌಡು

ನೀರು ಕಂಡರೆ ಸಾಕು, ಮಾದಣ್ಣನವರ ಕೈ ತಾನಾಗಿ ಪಂಚೆಗೆ ಹೋಗುತ್ತಿತ್ತು. ಎತ್ತಿ ಕಟ್ಟಿದ ಮೇಲೆಯೇ ಮಾತು. ನಂಜನಗೂಡಿನ ನಮ್ಮ ಮನೆಯ ನಾಲ್ಕಡಿ ಗಾಜಿನ ಮೀನುತೊಟ್ಟಿಯನ್ನು ಮೊದಲ ಸಲ ನೋಡಿದಾಗಲೂ ಹಾಗೇ ಕಟ್ಟಿದರು. ಇಳಿದೇ ಬಿಡುತ್ತಾರೇನೋ ಎಂದು ನನ್ನ ಹೆಂಡತಿ ಗಿರಿಜಾ ಓಡಿ ಬಂದಳು.

ಟಿ. ನರಸೀಪುರದ ಕಡೆ ನಾಲೆಯ ನೀರುಗಂಟಿಯಾಗಿದ್ದವರು ಅವರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬು ಎತ್ತಿ ಇಳಿಸಿಯೇ ಆಯುಸ್ಸು ಸವೆಸಿದ್ದರು. ಮಗಳ ಮನೆ ನಮ್ಮ ಪಕ್ಕದ್ದೇ. ಬಂದರೆ ವಾರ ಇರುತ್ತಿದ್ದರು.

ನಾನೋ, ತಾಂಡ್ಯದ ಕಾರ್ಖಾನೆಯಲ್ಲಿ ದುಡಿದದ್ದನ್ನೆಲ್ಲ ಉಪ್ಪುನೀರಿಗೆ ಸುರಿಯುವ ಹುಚ್ಚ. ಕಡಲಿನ ಜೀವಿಗಳಾದ ಮೆತ್ತನೆಯ ಹವಳ, ಗಟ್ಟಿ ಹವಳ ಎರಡನ್ನೂ ಒಂದೇ ತೊಟ್ಟಿಯಲ್ಲಿ ಸಾಕಲು ಹೊರಟಿದ್ದೆ. ತಂದ ನಾಲ್ಕರಲ್ಲಿ ಎರಡು ಆಗಲೇ ಸತ್ತಿದ್ದವು. ಉಳಿದ ಎರಡರಲ್ಲಿ ಮೆತ್ತನೆಯದು ನೀರು ಓಡಿಸುವ ಪಂಪಿನ ಮುಂದೆ ಹಿಂಡಿದ ಬಟ್ಟೆಯಂತೆ ಮುದುಡಿತ್ತು. ಗಟ್ಟಿಯದು ಎಡಮೂಲೆಯಲ್ಲಿ ಕಸ ಹೊದ್ದು ಕೂತಿತ್ತು. "ಇನ್ನೊಂದು ಸತ್ತರೆ ತೊಟ್ಟಿಗೆ ರಾಗಿ ತುಂಬಿಸ್ತೀನಿ" ಎಂದಿದ್ದಳು ಗಿರಿಜಾ. ಅವಳು ಮಾತಿಗೆ ತಪ್ಪುವವಳಲ್ಲ.

"ಇದ್ಕೂ ಜೀವ ಅದಾ ಸಾ?" ಎಂದು ವಿಚಾರಿಸಿಕೊಂಡ ಮಾದಣ್ಣ ಮಗಳ ಮನೆಯಿಂದ ಒಂದು ಹಿಡಿ ತೌಡು ತಂದು, ನಾನು ಬಾಯಿ ತೆರೆಯುವಷ್ಟರಲ್ಲಿ ತೊಟ್ಟಿಗೆ ಎರಚಿಬಿಟ್ಟರು! ಕಾಲುವೆಯಲ್ಲಿ ನೀರಿನ ಓಟ ನೋಡಲು ಅವರು ಮಾಡುತ್ತಿದ್ದದ್ದೇ ಹಾಗಂತೆ. ನಾನು ಕಿರುಚಿದೆ. ಮೀನುಗಳು ಹಬ್ಬ ಮಾಡಿದವು.

"ಕೂಗ್‌ಬ್ಯಾಡಿ ಸಾ, ನೋಡಿ. ಬಲಗಡೆ ಓಡ್ತಾ ಅದೆ, ಎಡಮೂಲೇಲಿ ಬಂದು ಕುಂತ್ಕತು. ಅಲ್ಲಿ ನೀರು ಮನೀಕಂಡದೆ. ಭತ್ತಾನ ದಿಣ್ಣೆಗಾಕಿ, ಉಳ್ಳೀನ ತೂಬಿನ್ ಬಾಯ್ಗಿಟ್ಟಿದ್ದೀರಲ್ಲ!"

ಹೌದಲ್ಲ! ಓಡುವ ನೀರು ಬೇಡುವ ಭತ್ತ ಗಟ್ಟಿ ಹವಳ, ಹೆಚ್ಚು ನೀರು ಒಲ್ಲದ ಹುರುಳಿ ಮೆತ್ತನೆಯದು. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿದ ಕಂತೆ ಕಂತೆ ಹಾಳೆ ಹೇಳದ್ದನ್ನು ಹಿಡಿ ತೌಡು ಹೇಳಿತ್ತು. ಹವಳಗಳ ಜಾಗ ಅದಲುಬದಲು ಮಾಡಿದೆವು. ಪಂಪಿನ ಮೂತಿಯನ್ನು ಅವರೇ ಎದುರಿನ ಗಾಜಿಗೆ ತಿರುಗಿಸಿದರು. "ನೀರ ಯಾರ ಮಕಕ್ಕೂ ಎರಚ್‌ಬಾರ್ದು ಸಾ. ಗ್ವಾಡೆಗೆ ಬಡ್ದು, ರೋಸ ಇಳ್ದು, ಆಮ್ಯಾಕೆ ಬರ್ಬೇಕು."

ತೌಡು ಬಳಿದು ನೀರು ಬದಲಿಸಲು ನನಗೆ ಎರಡು ದಿನ ಹಿಡಿಯಿತು. ನಾಲ್ಕನೆಯ ದಿನ ಗಟ್ಟಿ ಹವಳ ಮೈತುಂಬ ಎಳ್ಳುಕಾಳಿನಷ್ಟು ಪುಟ್ಟ ಬೆರಳು ಚಾಚಿತು. ನಾನು ಕುಣಿದೆ, ಗಿರಿಜಾ ಕುಣಿದಳು, ಕಾಗದ ತಂದ ಪೋಸ್ಟ್‌ಮ್ಯಾನ್ ಏನೂ ತಿಳಿಯದೆ ತಾನೂ ನಕ್ಕ. ಮಾದಣ್ಣ ಮಾತ್ರ ಮೆತ್ತನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಇವಳಿನ್ನೂ ಮುನಿಸ್ಕಂಡವಳೆ" ಎಂದರು.

ಊರಿಗೆ ಹೊರಡುವಾಗ ಒಳಗೆ ಬಂದು ಪಂಪನ್ನು ಇನ್ನೆರಡು ಬೆರಳು ಮೇಲಕ್ಕೆ ತಿರುಗಿಸಿ ಹೋದರು. ನನ್ನ ಹಾಳೆಗಳಲ್ಲಿ ಹಾಗಿರಲಿಲ್ಲ. ಅವರು ಬೀದಿ ದಾಟುತ್ತಲೇ ಮೊದಲಿದ್ದಂತೆ ಮಾಡಿದೆ. ಓದಿದವನ ಜಂಬ!

ತಿಂಗಳಾದರೂ ಮೆತ್ತನೆಯದರ ಮುನಿಸು ಇಳಿಯಲಿಲ್ಲ. ಗಿರಿಜಾ ರಾಗಿ ಮೂಟೆ ತರಿಸಿಯೇಬಿಟ್ಟ ದಿನ ಹೆದರಿ, ಅವರು ಮಾಡಿದ್ದಂತೆಯೇ ಪಂಪನ್ನು ಎರಡು ಬೆರಳು ಮೇಲಕ್ಕೆ ತಿರುಗಿಸಿದೆ; ನೀರಿನ ರಭಸ ಅದರ ನೆತ್ತಿಯ ಮೇಲಿಂದ ಹಾದುಹೋಯಿತು. ಮೂರನೆಯ ಬೆಳಿಗ್ಗೆ ಅದು ಅಂಗೈಯಗಲ ಅರಳಿ ತೂಗುತ್ತಿತ್ತು! ಪಕ್ಕದ ಮನೆಗೆ ಬೀಗ. ಮಗಳು ಊರಿಗೆ ಹೋಗಿ ವಾರವಾಗಿತ್ತು. ತಡೆಯಲಾಗದೆ ಸ್ಕೂಟರ್ ಹತ್ತಿ ನರಸೀಪುರದ ದಾರಿ ಹಿಡಿದೆ. ನೀವೇ ಗೆದ್ದಿರಿ ಎಂದು ಹೇಳಬೇಕಿತ್ತು.

ಸುದ್ದಿ ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ಮಗಳು. ಮಾದಣ್ಣ ತೀರಿಕೊಂಡು ಐದು ದಿನವಾಗಿತ್ತು. ಒಳಗಿನಿಂದ ಅವರ ಹೆಂಡತಿ ಬಂದರು.

"ಮೀನಿನ ತೊಟ್ಟಿ ಸಾ ನೀವೇಯಾ? ಅವಳು ಅರಳುದ್ಲಾ, ಅರಳುದ್ಲಾ ಅಂತ ಕೇಳ್ತಾನೇ ಇದ್ರು. ಅದ್ಯಾವಳಪ್ಪಾ ಅಂತ ನಾನು ಬಯ್ದೂಬುಟ್ಟಿದ್ದೆ." ಅಳುತ್ತಲೇ ನಕ್ಕರು. "ಅರಳುದ್ಲಾ ಸಾ?"

"ಅರಳಿದಳಮ್ಮ" ಎಂದೆ. ತಿಂಗಳ ಹಿಂದೆಯೇ ಅರಳಬೇಕಿತ್ತು ಎನ್ನಲು ನನಗೆ ಬಾಯಿ ಬರಲಿಲ್ಲ.