ಬಾಳೆಯ ಪಾಲಿನ ನೀರು

ಮೆಟ್ರೋ ಇನ್ನೂ ದೆಹಲಿಯ ಮಯೂರ್ ವಿಹಾರಕ್ಕೆ ಬಂದಿರದ ವರ್ಷಗಳವು. ನಮ್ಮ ಸೊಸೈಟಿಯ ಅಂಗಳದಲ್ಲಿ ಒಂದು ಹ್ಯಾಂಡ್‌ಪಂಪ್ ಇತ್ತು. ನಲ್ಲಿ ಕೈಕೊಟ್ಟ ದಿನ ಎಲ್ಲರೂ ಅಲ್ಲಿಗೇ ಓಡುತ್ತಿದ್ದೆವು. ಕೆಳಮನೆಯ ಕೊಡಗಿನ ಸುಬೇದಾರರು, ನಿವೃತ್ತರು, ಕುಡಿಯಲು ಬಳಸುತ್ತಿದ್ದುದು ಆ ನೀರನ್ನೇ. ನಲ್ಲಿ ನೀರಲ್ಲಿ ಕಾಫಿ ಕೆಡುತ್ತದೆ ಎಂದು ಅವರ ಹೆಂಡತಿಯ ಹಟ. ಆಕೆ ನನ್ನನ್ನು ಅಣ್ಣ ಎನ್ನುತ್ತಿದ್ದರು.

ಒಂದು ಬೇಸಿಗೆ ಪಂಪು ಬರೀ ಗಾಳಿ ಉಗುಳಿತು. ಮಳೆನೀರು ಇಂಗಿಸಲು ಗುಂಡಿ ತೋಡಿಸೋಣ ಎಂದಿತು ಸಮಿತಿ. ಗುತ್ತಿಗೆ ಹಿಡಿಯುವ ಠೇಕೇದಾರನ ಜೊತೆ ಮಾತಾಡಲು ನಾನೇ ಆಗಬೇಕು. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಅಲ್ಲಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಸಾಲಿನ ಬಚ್ಚಲ ಕೊಳವೆಯೂ ಒಡೆದಿತ್ತು. ರಸ್ತೆಯ ಮೋರಿಯವರೆಗೆ ಮತ್ತೆ ಯಾಕೆ ಅಗೆಯಬೇಕು? ಅದನ್ನೂ ಗುಂಡಿಗೇ ತಿರುಗಿಸು ಎಂದೆ.

"ಅರೇ ಸಾಬ್, ಗಂದಾ ಪಾನಿ ಹೈ," ಕೊಳೆ ನೀರಲ್ಲವೇ ಎಂದು ಠೇಕೇದಾರ ತಲೆ ಕೆರೆದುಕೊಂಡ.

"ಭಯ್ಯಾ, ನೀರಿನ ವಿಷಯ ನನಗೆ ಕಲಿಸಬೇಡ," ಎಂದೆ. ನನ್ನ ತಲೆಯಲ್ಲಿದ್ದುದು ತಾಯಿಯ ಮನೆಯ ಹಿತ್ತಿಲು. ಅಲ್ಲಿ ಬಚ್ಚಲ ನೀರೆಲ್ಲ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಪಕ್ಕದ ಬಾವಿ ಎಂದೂ ಕೆಟ್ಟಿರಲಿಲ್ಲ. ಮಣ್ಣು ಎಲ್ಲವನ್ನೂ ಸೋಸುತ್ತದೆ ಎಂದು ನಂಬಿ ಬೆಳೆದವನು ನಾನು.

ಮುಂದಿನ ಬೇಸಿಗೆ ಪಂಪು ಒತ್ತಿದ ಕೂಡಲೇ ನೀರು! ಸಮಿತಿಯವರು ಬೆನ್ನು ತಟ್ಟಿದರು. ಪೀತಮ್‌ಪುರದ ಗೆಳೆಯನಿಗೂ ಇದೇ ಉಪಾಯ ಹೇಳಿಕೊಟ್ಟೆ. ಪುಣ್ಯಕ್ಕೆ ಅವನು ಕೇಳಲಿಲ್ಲ.

ಮಳೆ ನಿಂತ ಮೇಲೆ ಸುಬೇದಾರರ ಹೆಂಡತಿ ಮೆಟ್ಟಿಲ ಬಳಿ ನನ್ನನ್ನು ತಡೆದರು. "ಅಣ್ಣ, ನೀರು ಒಂಥರಾ ಸೋಪು ಸೋಪು ಅನ್ಸುತ್ತೆ."

"ನಿಮ್ಮ ಪಾತ್ರೆಯಲ್ಲಿ ಸೋಪು ಉಳಿದಿರಬೇಕು ಕಣಮ್ಮ," ಎಂದು ನಕ್ಕು ಮೇಲೆ ಹೋದೆ.

ತಿಂಗಳೊಳಗೆ ಸುಬೇದಾರರಿಗೆ ಕಾಮಾಲೆ. ವೈದ್ಯರು ಮೊದಲು ಕೇಳಿದ್ದೇ ಯಾವ ನೀರು ಕುಡಿಯುತ್ತೀರಿ ಎಂದು. ನೋಡಲು ಹೋದಾಗ ಹಳದಿ ಕಣ್ಣು ನನ್ನ ಮೇಲೆ ನೆಟ್ಟು ಹೇಳಿದರು: "ಇಪ್ಪತ್ತೆಂಟು ವರ್ಷ ಗಡಿಯಲ್ಲಿ ಎಂಥೆಂಥ ಹಳ್ಳದ ನೀರು ಕುಡಿದೆ ಸಾರ್, ಏನೂ ಆಗ್ಲಿಲ್ಲ. ನಿಮ್ಮ ಚೌಕಾಸಿ ನೀರು ನೋಡಿ, ಮಲಗಿಸಿಬಿಡ್ತು."

ಅವರು ಎದ್ದು ಓಡಾಡುವ ಹೊತ್ತಿಗೆ ಚಳಿಗಾಲ ಕಳೆದಿತ್ತು. ಬೆಳಗಿನ ನಡಿಗೆ ಮತ್ತೆ ಶುರುವಾಗಲೇ ಇಲ್ಲ.

ಆಮೇಲೆ ತಿಳಿಯಿತು. ಹಿತ್ತಿಲಲ್ಲಿ ಕೊಳೆಯನ್ನು ತಿಂದದ್ದು ಬರೀ ಮಣ್ಣಲ್ಲ, ಮೇಲ್ಮಣ್ಣಿನ ಹುಳುಹುಪ್ಪಟೆ, ಬಾಳೆಯ ಬೇರು. ಕೊಳೆಯೇ ಬಾಳೆಗೆ ಗೊಬ್ಬರ, ಎಲೆಯಾಗಿ ಗೊನೆಯಾಗಿ ಅದು ಮತ್ತೆ ನಮ್ಮ ಊಟಕ್ಕೇ ಬರುತ್ತಿತ್ತು. ನನ್ನ ಗುಂಡಿಯೋ ಅವೆಲ್ಲವನ್ನೂ ದಾಟಿ ಆಳಕ್ಕಿಳಿದಿತ್ತು. ಅಲ್ಲಿ ತಿನ್ನುವ ಬೇರಿಲ್ಲ. ನಮ್ಮ ಸಾಲಿನ ಕೂಸುಗಳ ಕೊಳೆ ಬಟ್ಟೆ ಒಗೆದ ನೀರು ನೇರವಾಗಿ ಅವರ ಕಾಫಿ ಪಾತ್ರೆಗೆ ಬಂತು. ನೀವು ಗುಂಡಿ ತೋಡಿಸುವವರಾದರೆ ಛಾವಣಿಯ ನೀರನ್ನು ಮಾತ್ರ ಬಿಡಿ. ಇದೊಂದು ಸಲಹೆಯನ್ನು ನಾನು ಚೌಕಾಸಿ ಮಾಡದೆ ಕೊಡುತ್ತೇನೆ.

ಆ ನೀರು ಕುಡಿಯಬಾರದೆಂದು ಪಂಪಿಗೆ ಕೆಂಪು ಬಣ್ಣ ಬಳಿದರು. ಬಚ್ಚಲ ಕೊಳವೆಯನ್ನು ನಾನೇ ನಿಂತು ಅಂಗಳದ ಇನ್ನೊಂದು ಮೂಲೆಗೆ ತಿರುಗಿಸಿ ಬಾಳೆ ನೆಟ್ಟೆ. ದೆಹಲಿಯ ಚಳಿಯಲ್ಲೂ ಅದು ಬದುಕಿ ಗೊನೆ ಹಾಕಿತು. ಮೊದಲ ಚಿಪ್ಪು ಹಿಡಿದು ಕೆಳಮನೆಯ ಬಾಗಿಲು ತಟ್ಟಿದೆ.

ಬಾಗಿಲು ತೆರೆದ ಸುಬೇದಾರರ ಹೆಂಡತಿ ಹಣ್ಣು ನೋಡಿದರು, ಮೂಲೆಯ ಗಿಡ ನೋಡಿದರು.

"ನಮಗೆ ಬೇಡ, ಸಾರ್," ಎಂದರು.

ಅಣ್ಣ ಅಲ್ಲ, ಸಾರ್. ಚಿಪ್ಪು ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.