ಎರಡು ಮದುವೆಗೆ ಒಂದು ಸೀರೆ

ಸೋಫಾ ಬಂದ ಭಾನುವಾರವೇ ನಮ್ಮ ಮನೆಯ ಕೊನೆಯ ಮಾಮೂಲಿ ದಿನ. ಪರ್ಕಳದಲ್ಲಿ ನಮ್ಮದು ಸಣ್ಣ ಮನೆ, ಅದರ ಬಾಗಿಲು ಇನ್ನೂ ಸಣ್ಣದು. ಮಣಿಪಾಲದ ಅಂಗಡಿಯಿಂದ ಟೆಂಪೋದಲ್ಲಿ ಬಂದ ಇಬ್ಬರು ಸೋಫಾವನ್ನು ಅಡ್ಡ ಹಿಡಿದು ನೋಡಿದರು, ಉದ್ದ ಹಿಡಿದು ನೋಡಿದರು, ತಲೆಕೆಳಗೆ ಮಾಡಿಯೂ ನೋಡಿದರು. ಅಕ್ಕ ಅಂಗಳದಲ್ಲಿ ನಿಂತು ಅಂಗನವಾಡಿಯ ಮಕ್ಕಳನ್ನು ಮೆಟ್ಟಿಲು ಇಳಿಸುವ ದನಿಯಲ್ಲಿ "ಮೆಲ್ಲ, ಮೆಲ್ಲ" ಎನ್ನುತ್ತಿದ್ದಳು. ಬಾಗಿಲನ್ನೇ ಬಿಚ್ಚಿದ ಮೇಲೆ ಸೋಫಾ ಒಳಗೆ ಹೋಯಿತು. ಬಾಗಿಲು ಮಾತ್ರ ಮತ್ತೆ ಮೊದಲಿನಂತೆ ಕೂರಲಿಲ್ಲ. ಈಗಲೂ ಅದನ್ನು ಭುಜ ಕೊಟ್ಟು ತಳ್ಳಬೇಕು.

ಮಧ್ಯಾಹ್ನ ಅಂಜಲ್ ಮೀನು ಹುರಿದು ಊಟ ಮಾಡಿದೆವು. ಅಕ್ಕ ಸೋಫಾದ ಪ್ಲಾಸ್ಟಿಕ್ ಕವರಿನ ಮೇಲೆ ಕುಳಿತು, ಇನ್ನು ಇದರ ಮುಂದೆ ಇಡಲು ಒಂದು ಟೀಪಾಯಿ ಬೇಕು ಎಂದಳು. ನಾನೂ ಹೌದು ಎಂದೆ.

ಮನೆಯಲ್ಲಿ ನಾವಿಬ್ಬರೇ. ಅಕ್ಕ ಅಂಗನವಾಡಿ ಟೀಚರ್. ನಾನು ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ಇಬ್ಬರಿಗೂ ಮದುವೆ ಆಗಲಿಲ್ಲ, ಅದಕ್ಕಾಗಿ ಕೊರಗಿದ್ದೂ ಇಲ್ಲ. ನಮ್ಮಿಬ್ಬರ ಸಂಪಾದನೆಯಲ್ಲಿ ಇಬ್ಬರು ಆರಾಮವಾಗಿ ಇರಬಹುದಿತ್ತು. ಆದರೆ ಒಂದು ವರ್ಷ ಹಳೆ ನೆಲಕ್ಕೆ ಟೈಲ್ಸ್ ಹಾಕಿಸಿದೆವು. ಟೈಲ್ಸಿಗೆ ಗೋಡೆಯ ಬಣ್ಣ ಹೊಂದಲಿಲ್ಲ, ಬಣ್ಣ ಹೊಡೆಸಿದೆವು. ಬಣ್ಣಕ್ಕೆ ಕರ್ಟನ್ ಹೊಂದಲಿಲ್ಲ. ಹೊಸ ಕರ್ಟನ್ ಹಾಕಿದ ಮೇಲೆ ಅಮ್ಮನ ಕಾಲದ ಬೆತ್ತದ ಕುರ್ಚಿಗಳು ಯಾರದೋ ಮನೆಯಿಂದ ಬಂದು ಕೂತ ಹಾಗೆ ಕಂಡವು. ಹೀಗೆ ಕಂತಿನ ಸೋಫಾದವರೆಗೆ ಬಂದೆವು. ಟೈಲ್ಸಿನ ದುಡ್ಡಿಗೆ ಸೊಸೈಟಿಯಲ್ಲಿ ಅಡವು ಇಟ್ಟದ್ದು ಅಮ್ಮನ ಹವಳದ ಸರ, ಚಿನ್ನದ ಗುಂಡುಗಳ ನಡುನಡುವೆ ಕೆಂಪು ಹವಳ ಇರುವುದು.

ಆ ಸರಕ್ಕೆ ಅಮ್ಮ ಒಂದು ನಿಯಮ ಮಾಡಿ ಹೋಗಿದ್ದಳು. ನಮ್ಮ ಮನೆಯ ಯಾವ ಮದುವೆಯಾದರೂ ಮನೆಯ ಹಿರಿ ಮಗಳು ಅದನ್ನು ಹಾಕಿಕೊಂಡು ನಿಲ್ಲಬೇಕು. ಕಾರ್ಕಳದಲ್ಲಿರುವ ಅಣ್ಣ ತನ್ನ ಮಗಳಿಗೆ ಗಂಡು ನೋಡುತ್ತಿದ್ದ. ಸರದ ವಿಷಯ ಅವನಿಗೆ ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ ಅಕ್ಕ ಕಣ್ಣು ಮಿಟುಕಿಸದೆ "ಲಾಕರಿನಲ್ಲಿ ಉಂಟು" ಎನ್ನುತ್ತಿದ್ದಳು. ಸೊಸೈಟಿಯಲ್ಲೂ ಲಾಕರ್ ಇರುತ್ತದಲ್ಲ, ಸುಳ್ಳೇನೂ ಅಲ್ಲ ಎಂದು ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಸೊಸೈಟಿಯಿಂದ ಫೋನ್ ಬಂತು. ಮಾತಾಡಿದವರು ಬಹಳ ಮರ್ಯಾದೆಯ ಮನುಷ್ಯ. ಬಡ್ಡಿ ಕಟ್ಟದೆ ತುಂಬಾ ದಿನ ಆಯಿತು, ಹೀಗೇ ಬಿಟ್ಟರೆ ಆಭರಣ ಹರಾಜಿಗೆ ಹೋಗುತ್ತದೆ, ನಿಮಗೆ ಬೇಸರ ಆಗಬಾರದು ಎಂದು ಮೊದಲೇ ಹೇಳುತ್ತಿದ್ದೇನೆ ಎಂದರು. ಅಕ್ಕ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಆಮೇಲೆ ಸೋಫಾದಿಂದ ಎದ್ದು ನೆಲದ ಮೇಲೆ ಕುಳಿತಳು.

"ಕಂತು ಮುಗಿಯುವವರೆಗೆ ಅದು ನಮ್ಮದಲ್ಲ ಮಾರಾಯ್ತಿ. ಬೇರೆಯವರ ಸಾಮಾನಿನ ಮೇಲೆ ಕೂರುವುದು ಸರಿಯಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕನ ಆಡಳಿತ.

ಮೊದಲು ಕತ್ತರಿ ಬಿದ್ದದ್ದು ಮೀನಿಗೆ. ಅಂಜಲ್, ಪಾಂಪ್ಲೆಟ್ ಬಂದ್. ಬಂಗುಡೆ ಭಾನುವಾರ ಮಾತ್ರ, ಉಳಿದ ದಿನ ಬೂತಾಯಿ ಸಿಕ್ಕರೆ ಬೂತಾಯಿ. ಇದರಲ್ಲಿ ಕಷ್ಟ ಏನೂ ಇರಲಿಲ್ಲ, ಬೂತಾಯಿ ನಮಗೆ ಇಷ್ಟವೇ. ಕಷ್ಟ ಆದದ್ದು ಮೀನು ಮಾರುವ ಹೆಂಗಸಿನಿಂದ. ಅವಳು ಸ್ಕೂಟರಿನಲ್ಲಿ ಬಂದು ಗೇಟಿನ ಹೊರಗಿಂದಲೇ ಇಡೀ ಬೀದಿಗೆ ಕೇಳುವಂತೆ, ಟೀಚರಿಗೆ ಒಳ್ಳೆ ಅಂಜಲ್ ತೆಗೆದಿಟ್ಟಿದ್ದೇನೆ ಎಂದು ಕರೆಯುವವಳು. ದುಡ್ಡಿಲ್ಲ ಎಂದು ಅಷ್ಟೇ ದೊಡ್ಡದಾಗಿ ಹೇಳಲಿಕ್ಕೆ ಆಗುತ್ತದೆಯೇ? ದೊಡ್ಡ ಮೀನು ತಿನ್ನಬಾರದು ಅಂತ ಡಾಕ್ಟರ್ ಹೇಳಿದ್ದಾರೆ ಎಂದು ಅಕ್ಕ ಹೇಳಿಬಿಟ್ಟಳು.

ಮೀನಿನ ಹೆಂಗಸು ಒಳ್ಳೆಯವಳು. ಆ ಬೆಳಿಗ್ಗೆ ಎಷ್ಟು ಮನೆಗೆ ಮೀನು ಕೊಟ್ಟಳೋ ಅಷ್ಟು ಮನೆಗೂ ಟೀಚರಿಗೆ ಹುಷಾರಿಲ್ಲ ಎಂದು ತಿಳಿಸಿದಳು. ಸಂಜೆಯಾಗುವಾಗ ನೆರೆಯವರು ಎಳನೀರು, ಮೂಸಂಬಿ, ಬ್ರೆಡ್ಡು ಹಿಡಿದು ಬಂದರು. ಬಂದವರಿಗೆಲ್ಲ ಚಹಾ ಆಗಬೇಕು. ಮೂರು ದಿನ ಚಹಾ ಮಾಡಿ ಮಾಡಿ ಸಕ್ಕರೆ ಡಬ್ಬಿ ಖಾಲಿ, ಹಾಲಿನ ಲೆಕ್ಕ ಡಬಲ್. ಅಕ್ಕ ಶಾಲು ಹೊದ್ದು ಕುರ್ಚಿಯಲ್ಲಿ ಕುಳಿತು, ಈಗ ಪರವಾಗಿಲ್ಲ, ಈಗ ಪರವಾಗಿಲ್ಲ ಎನ್ನುತ್ತಿದ್ದಳು. ಬಂದವರಲ್ಲಿ ಒಬ್ಬರು, ಇಷ್ಟು ಒಳ್ಳೆಯ ಸೋಫಾ ಇರುವಾಗ ರೋಗಿಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದ್ದೀಯಲ್ಲ ಎಂದು ನನಗೆ ಬೈದು ಹೋದರು. ಎಲ್ಲರೂ ಹೋದ ಮೇಲೆ ಬ್ರೆಡ್ಡು ಲೆಕ್ಕ ಹಾಕಿದರೆ ಎರಡು ವಾರದ ತಿಂಡಿಗೆ ಸಾಕಾಗುವಷ್ಟಿತ್ತು. ಒಟ್ಟಿನಲ್ಲಿ ನಷ್ಟ ಆಗಲಿಲ್ಲ ಎಂದು ಅಕ್ಕ ತೀರ್ಮಾನಿಸಿದಳು.

ಆಮೇಲೆ ಕರೆಂಟು. ಒಬ್ಬರಿರುವ ಕೋಣೆಯಲ್ಲೇ ಇನ್ನೊಬ್ಬರೂ ಇರಬೇಕು. ಟಿವಿ ನೋಡುವಾಗ ಲೈಟ್ ಬೇಡ, ಟಿವಿಯದೇ ಬೆಳಕು ಉಂಟು. ನಾನು ಮೋಟಾರ್ ಮೆಷಿನ್ ಬಿಟ್ಟು ಹಳೆಯ ಕಾಲಿನ ಮೆಷಿನ್ನಿಗೆ ಬಂದೆ. ಬಿಲ್ಲು ಇಳಿಯಿತು. ಬಿಲ್ಲಿನ ಚೀಟಿಯನ್ನು ಅಕ್ಕ ಪರೀಕ್ಷೆಯ ಮಾರ್ಕು ನೋಡುವ ಹಾಗೆ ನೋಡುತ್ತಿದ್ದಳು. ಮರುವರ್ಷ ಸರ್ಕಾರ ಮನೆಗಳಿಗೆ ಕರೆಂಟು ಉಚಿತ ಮಾಡಿತು. ಹಿಂದಿನ ವರ್ಷ ಸರಾಸರಿ ಎಷ್ಟು ಉರಿಸಿದ್ದೇವೋ ಅದರ ಮೇಲೆ ಸ್ವಲ್ಪ ಸೇರಿಸಿ, ಅಷ್ಟು ಉಚಿತ. ಎದುರು ಮನೆಯವರು ಟಿವಿ ಹಾಕಿ ಅದರ ಮುಂದೆಯೇ ನಿದ್ದೆ ಮಾಡುವವರು, ಗೀಸರ್ ಆರಿಸಿ ಗೊತ್ತಿಲ್ಲದವರು. ಅವರಿಗೆ ಸಿಕ್ಕ ಉಚಿತದ ಮುಂದೆ ನಮ್ಮದು ಏನೂ ಅಲ್ಲ. ಅಕ್ಕ ಎರಡು ದಿನ ಆ ಮನೆಯ ಕಡೆ ನೋಡಲಿಲ್ಲ. ಮೂರನೆಯ ದಿನ, ಕತ್ತಲೆಯಲ್ಲಿ ಊಟ ಮಾಡುತ್ತ, "ಒಂದು ವರ್ಷ ಮೊದಲೇ ಹೇಳಿದ್ದರೆ ಹಗಲಲ್ಲೂ ಲೈಟ್ ಹಾಕಿಡುತ್ತಿದ್ದೆವು ಅಲ್ವಾ" ಎಂದಳು.

ಎಷ್ಟು ಹಿಡಿದರೂ ಹಿಡಿತಕ್ಕೆ ಬಾರದ್ದು ಮದುವೆ, ಗೃಹಪ್ರವೇಶ, ನಿಶ್ಚಿತಾರ್ಥಗಳ ಖರ್ಚು. ಸೀಸನ್ನಿನಲ್ಲಿ ಒಂದೇ ದಿನ ಮೂರು ಕಡೆ ಹೋಗಬೇಕು. ಪ್ರತಿ ಕಡೆಗೂ ದುಡ್ಡಿನ ಕವರು, ಬಸ್ಸು, ರಿಕ್ಷಾ. ಹೋಗದಿದ್ದರೆ ನಾಳೆ ಅಣ್ಣನ ಮಗಳ ಮದುವೆಗೆ ಯಾರೂ ಬರುವುದಿಲ್ಲ. ಅಕ್ಕ ಹೊಸ ಕ್ರಮ ತಂದಳು. ಪ್ರತಿ ಮನೆಗೂ ಇಬ್ಬರೂ ಹೋಗುವ ಬದಲು ಒಂದು ಮನೆಗೆ ಒಬ್ಬರೇ, ಕವರಿನ ಮೇಲೆ ಇಬ್ಬರ ಹೆಸರು. ಮನೆಯಲ್ಲಿ ಉಳಿದವರಿಗೆ ಗಂಜಿ ಮತ್ತು ಚಟ್ನಿ.

ಈ ಕ್ರಮದಿಂದ ಒಂದು ಅಭ್ಯಾಸ ಬೆಳೆಯಿತು. ಮದುವೆಗೆ ಹೋದವರು ಚಪ್ಪಲಿ ಕಳಚುವ ಮೊದಲೇ ಮನೆಯಲ್ಲಿದ್ದವರು ಕೇಳಬೇಕು: "ಊಟಕ್ಕೆ ಎಂತ ಇತ್ತು?" ಹೋದವರು ಎಲೆಯ ತುದಿಯಿಂದ ಶುರುಮಾಡಿ ಬಡಿಸಿದ ಕ್ರಮದಲ್ಲೇ ಹೇಳಬೇಕು. ಉಪ್ಪಿನಕಾಯಿ ಯಾವುದರದ್ದು, ಅನಾನಸಿನ ಮೆಣಸ್ಕಾಯಿಗೆ ಬೆಲ್ಲ ಸಾಕಿತ್ತಾ, ಪಾಯಸ ಎರಡನೇ ಸಲ ಬಂತಾ. ಅಕ್ಕ ಕೆಲವು ಸಲ ಆ ಹೊತ್ತಿನವರೆಗೂ ಊಟ ಮಾಡದೆ ಕಾಯುತ್ತಿದ್ದಳು. ನಾನು ಹೇಳುತ್ತಾ ಹೋದ ಹಾಗೆ ಅವಳು ಗಂಜಿ ಉಣ್ಣುವಳು. ಪಾಯಸ ನೀರಾಗಿತ್ತು ಎಂದರೆ ಅವಳ ಮುಖ ಸಪ್ಪೆಯಾಗುತ್ತಿತ್ತು, ತನಗೇ ನೀರಾದ ಪಾಯಸ ಬಡಿಸಿದ ಹಾಗೆ.

ಇನ್ನು ಸೀರೆ. ಸಾಲ ತೀರುವವರೆಗೆ ಹೊಸ ಸೀರೆ ಇಲ್ಲ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಕಪಾಟಿನಲ್ಲಿ ಸೀರೆಗಳೇನೋ ಇದ್ದವು. ಆದರೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ಕಾರ್ಯಕ್ರಮದ ಫೋಟೋ ಬೀಳುತ್ತದೆ, ಒಮ್ಮೆ ಬಿದ್ದ ಸೀರೆ ಮತ್ತೆ ಉಟ್ಟರೆ ಯಾರಾದರೂ ಹಳೆಯ ಫೋಟೋ ಹುಡುಕಿ ಹಾಕುತ್ತಾರೆ. ಫೋಟೋದಲ್ಲಿ ಬೀಳದೆ ಉಳಿದದ್ದು ಒಂದೇ ಸೀರೆ, ಸೋಫಾಕ್ಕಿಂತ ಸ್ವಲ್ಪ ಮೊದಲು ತೆಗೆದ ಪಾಚಿ ಹಸಿರಿನ ರೇಷ್ಮೆ.

ಒಂದು ದಿನ ಬೆಳಿಗ್ಗೆ ಕಾಪುವಿನಲ್ಲಿ ಮದುವೆ, ಸಂಜೆ ಕಾರ್ಕಳದಲ್ಲಿ ಇನ್ನೊಂದು ಕಡೆಯ ರಿಸೆಪ್ಷನ್. ಕಾಪುವಿಗೆ ನಾನು, ಕಾರ್ಕಳಕ್ಕೆ ಅಕ್ಕ. ಹಸಿರು ಸೀರೆ ಉಟ್ಟು ಹೋದೆ. ಫೋಟೋ ತೆಗೆಯುವಾಗಲೆಲ್ಲ ಕಂಬದ ಹಿಂದೆ, ದಪ್ಪ ಇರುವವರ ಹಿಂದೆ ನಿಂತೆ. ಊಟದಲ್ಲಿ ಕಡಲೆಬೇಳೆ ಪಾಯಸ ಬಡಿಸುವವನು ಅವಸರದಲ್ಲಿದ್ದ, ಒಂದು ಸೌಟು ನನ್ನ ಸೆರಗಿಗೂ ಬಿತ್ತು. ಪಕ್ಕದಲ್ಲಿ ಕುಳಿತಿದ್ದ ಹೆಜಮಾಡಿಯ ದೊಡ್ಡಮ್ಮ ತನ್ನ ಲೋಟದ ನೀರಿನಲ್ಲಿ ಅದನ್ನು ಒರೆಸಿ ಕೊಟ್ಟಳು. ಅಮ್ಮನ ಅಕ್ಕ ಅವಳು, ವಯಸ್ಸಾದರೂ ಕಣ್ಣು ಚೂಪು. ಕಲೆ ಅರ್ಧ ಹೋಯಿತು.

ಉಡುಪಿಯಲ್ಲಿ ಬಸ್ಸು ಬದಲಿಸಿ ಮನೆಗೆ ಓಡಿ ಬಂದೆ. ಅಕ್ಕ ರವಿಕೆ, ಲಂಗ ಹಾಕಿ, ಮುಡಿಗೆ ಮಲ್ಲಿಗೆ ಇಟ್ಟು ಬಾಗಿಲ ಹಿಂದೆ ಸಿದ್ಧವಾಗಿ ನಿಂತಿದ್ದಳು. ನಾನು ಬಿಚ್ಚಿದ ಕಡೆಯಿಂದ ಅವಳು ಉಟ್ಟಳು. ಕಲೆಯನ್ನು ಸೆರಗಿನ ನೆರಿಗೆಯೊಳಗೆ ಮಡಚಿ ಪಿನ್ನು ಹಾಕಿದೆ. ಕಾರ್ಕಳದ ಬಸ್ಸು ನಮ್ಮ ಪರ್ಕಳದ ಮೇಲೆಯೇ ಹೋಗುವುದು ದೇವರ ದಯೆ.

ಅಲ್ಲಿ ಆದದ್ದನ್ನು ಅಕ್ಕ ಆ ರಾತ್ರಿ ನಗುತ್ತ ನಗುತ್ತ ಹೇಳಿದಳು. ಕಾರ್ಕಳದ ಮದುವೆ ಹಾಲ್‌ಗೆ ಕಾಲಿಡುವಾಗಲೇ ಎದುರು ಹೆಜಮಾಡಿಯ ದೊಡ್ಡಮ್ಮ. ಅವಳು ಎರಡೂ ಕಡೆಗೆ ನೆಂಟಳು ಎಂಬುದು ನಮಗೆ ಮರೆತೇ ಹೋಗಿತ್ತು. ಪಿನ್ನು ಬಸ್ಸಿನಲ್ಲೇ ಬಿದ್ದಿತ್ತು. ದೊಡ್ಡಮ್ಮ ಸೆರಗು ಹಿಡಿದು ಬೆಳಕಿಗೆ ಎತ್ತಿದಳು.

"ಬೆಳಿಗ್ಗೆ ನಿನ್ನ ತಂಗಿಗೆ ಚೆಲ್ಲಿದ ಪಾಯಸ ನಿನ್ನ ಸೆರಗಿಗೆ ಹೇಗೆ ಬಂತು?"

"ಜೋಡಿ ಸೀರೆ ದೊಡ್ಡಮ್ಮ. ಒಂದೇ ಅಂಗಡಿಯಲ್ಲಿ ತೆಗೆದದ್ದು."

"ಕಲೆ ಸಮೇತ ಕೊಡುವ ಅಂಗಡಿ ನನಗೂ ಒಮ್ಮೆ ತೋರಿಸು."

ಅಷ್ಟು ಹೇಳಿ ದೊಡ್ಡಮ್ಮ ತನ್ನ ರವಿಕೆಯ ಪಿನ್ನು ತೆಗೆದು ಕಲೆ ಕಾಣದ ಹಾಗೆ ಸೆರಗನ್ನು ಮಡಚಿ ಸಿಕ್ಕಿಸಿದಳು. ಯಾರಿಗೂ ಏನೂ ಹೇಳಲಿಲ್ಲ. ಊಟಕ್ಕೆ ಎಂತ ಇತ್ತು ಎಂದು ನಾನು ಕೇಳಿದಾಗ, ಭಯಕ್ಕೆ ಏನು ತಿಂದೆ ಅಂತಲೇ ನೆನಪಿಲ್ಲ ಎಂದು ಅಕ್ಕ ಮತ್ತೆ ನಕ್ಕಳು. ಅವಳಿಗೆ ಮೆನು ಮರೆತದ್ದು ಅದೊಂದೇ ಸಲ.

ಹೀಗೆ ಬಡ್ಡಿ ಕಟ್ಟಿದೆವು, ಅಸಲು ಕರಗಲು ಶುರುವಾಯಿತು. ಅಣ್ಣನ ಮಗಳಿಗೆ ಗಂಡು ಗೊತ್ತಾಯಿತು. ಲೆಕ್ಕ ಹಾಕಿದರೆ ಮದುವೆಗೆ ಸ್ವಲ್ಪ ಮೊದಲೇ ಸರ ಬಿಡಿಸಬಹುದಿತ್ತು. ಅಕ್ಕ ಕನ್ನಡಿಯ ಮುಂದೆ ಕುತ್ತಿಗೆ ಮುಟ್ಟಿಕೊಂಡು, ಹಸಿರು ಸೀರೆಗೆ ಹವಳ ಚೆನ್ನಾಗಿ ಒಪ್ಪುತ್ತದೆ ಎಂದಿದ್ದಳು.

ಮಳೆಗಾಲದ ಒಂದು ಬೆಳಿಗ್ಗೆ ಅಕ್ಕ ಹಾಲು ತಂದಳು, ಗ್ಯಾಸಿನ ಮೇಲೆ ಇಟ್ಟಳು, ಏನೋ ಎದೆ ಹಿಡಿದ ಹಾಗೆ ಆಗುತ್ತದೆ ಎಂದು ಹೊರಗೆ ಬಂದಳು. ನಾನು ಕೈ ಹಿಡಿದು ಸೋಫಾದ ಮೇಲೆ ಕೂರಿಸಿದೆ. ಕಂತು ಇನ್ನೂ ಬಾಕಿ ಇತ್ತು, ಆದರೂ ಬೇಡ ಎನ್ನಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು. ರಿಕ್ಷಾ ಬರುವಷ್ಟರಲ್ಲಿ ಮುಗಿದಿತ್ತು.

ಬಂದ ನೆಂಟರು ನಮ್ಮ ಕಡೆಯ ಕ್ರಮದಂತೆ ಒಬ್ಬೊಬ್ಬರು ಒಂದೊಂದು ಸೀರೆ ತಂದು ಅವಳ ಮೇಲೆ ಹೊದೆಸಿದರು. ಎಲ್ಲ ಹೊಸತು, ಮಡಿಕೆ ಬಿಚ್ಚದ್ದು. ದೊಡ್ಡಮ್ಮ ಹೆಜಮಾಡಿಯಿಂದ ಬಂದವಳು ಹಸಿರು ಬಣ್ಣದ್ದನ್ನೇ ಹುಡುಕಿ ತಂದಿದ್ದಳು. ಅದನ್ನು ಹೊದೆಸಿ, ಸೆರಗನ್ನು ಸರಿಮಾಡಿ, "ಇದರಲ್ಲಿ ಕಲೆ ಇಲ್ಲ ಮಗಾ" ಎಂದಳು. ನನಗೆ ಅಳುವಿನ ನಡುವೆ ನಗು ಬಂತು. ಸುತ್ತ ಇದ್ದವರು ನನಗೆ ತಲೆ ಕೆಟ್ಟಿತೆಂದು ನೀರು ಕುಡಿಸಿದರು.

ಅಣ್ಣ ಮದುವೆಯನ್ನು ವರ್ಷಾಂತಿಕ ಕಳೆದ ಮೇಲಕ್ಕೆ ಮುಂದೂಡಿದ. ಸಾವಿನ ಮನೆಯವರು ವರ್ಷ ಪೂರ್ತಿ ಶುಭಕಾರ್ಯಗಳಿಗೆ ಹೋಗುವ ಹಾಗಿಲ್ಲ. ಹಾಗಾಗಿ ಕವರಿನ ಖರ್ಚು ಇಲ್ಲ, ಬಸ್ಸಿನ ಖರ್ಚು ಇಲ್ಲ. ಹಾಲು ಸಣ್ಣ ಪ್ಯಾಕೆಟು ಸಾಕು. ಬೂತಾಯಿ ತಂದರೆ ಎರಡು ದಿನ ಬರುತ್ತದೆ. ಕರೆಂಟು ನಮಗೆ ಸಿಕ್ಕ ಸಣ್ಣ ಉಚಿತದ ಒಳಗೇ ನಿಂತು ಬಿಲ್ಲು ಸೊನ್ನೆಗೆ ಬಂತು. ಅಕ್ಕ ಎಷ್ಟು ಕಷ್ಟಪಟ್ಟರೂ ಇಷ್ಟು ಇಳಿಯದ ಖರ್ಚು ತಾನಾಗಿ ಇಳಿಯಿತು. ಸೊನ್ನೆ ಬಿಲ್ಲಿನ ಚೀಟಿಯನ್ನು ಅವಳಿಗೆ ತೋರಿಸಬೇಕೆಂದು ಅಡುಗೆಮನೆಯವರೆಗೆ ನಡೆದು ಹೋಗಿ ವಾಪಸು ಬಂದೆ.

ಸರ ಬಿಡಿಸಲು ಒಬ್ಬಳೇ ಹೋದೆ. ಆ ಮರ್ಯಾದೆಯ ಮನುಷ್ಯ ಕೌಂಟರಿನಲ್ಲಿದ್ದರು. ಟೀಚರ್ ಬರಲಿಲ್ಲವಾ ಎಂದು ಕೇಳಿ, ನನ್ನ ಮುಖ ನೋಡಿ ರಶೀದಿ ಬರೆಯತೊಡಗಿದರು.

ಅಣ್ಣನ ಮಗಳ ಮದುವೆ ಕಾರ್ಕಳದಲ್ಲಿ ಚೆನ್ನಾಗಿಯೇ ನಡೆಯಿತು. ಹಳೆ ಹಸಿರು ಸೀರೆ ಉಟ್ಟು, ಪಾಯಸದ ಕಲೆಯನ್ನು ಒಳಗೆ ಮಡಚಿ, ಹವಳದ ಸರ ಹಾಕಿಕೊಂಡು ನಿಂತೆ. ಈಗ ಮನೆಯ ಹಿರಿ ಮಗಳು ನಾನು. ಅಣ್ಣ ಸರವನ್ನು ನೋಡಿ, "ಅಮ್ಮನದ್ದನ್ನು ಇಬ್ಬರೂ ಜೋಪಾನ ಮಾಡಿದ್ದೀರಿ" ಎಂದ. ಲಾಕರಿನಲ್ಲಿ ಇತ್ತು ಎಂದೆ. ದೊಡ್ಡಮ್ಮ ಪಕ್ಕದಲ್ಲೇ ಇದ್ದಳು, ಬೇರೆ ಕಡೆ ನೋಡಿದಳು.

ಸಂಜೆಯ ಬಸ್ಸಿನಲ್ಲಿ ಪರ್ಕಳಕ್ಕೆ ಬಂದು, ಭುಜ ಕೊಟ್ಟು ಬಾಗಿಲು ತಳ್ಳಿ ಒಳಗೆ ಹೋದೆ. ಚಪ್ಪಲಿ ಕಳಚದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಮಾವಿನ ಮಿಡಿ ಉಪ್ಪಿನಕಾಯಿ, ಮೆಣಸ್ಕಾಯಿ, ಜೀಗುಜ್ಜೆ ಪೋಡಿ, ಹೋಳಿಗೆ, ಎರಡು ಪಾಯಸ. ಕ್ರಮದಲ್ಲಿ ಎಲ್ಲ ನೆನಪಿತ್ತು. ಊಟಕ್ಕೆ ಎಂತ ಇತ್ತು ಎಂದು ಕೇಳಲು ಅಕ್ಕ ಇಲ್ಲ.