ಸುಬ್ಬಿಗೆ ಕುಡಿಸಿದ ಕಷಾಯ

ನನಗೊಂದು ಕೆಟ್ಟ ಚಾಳಿಯಿದೆ. ಯಾರಾದರೂ ಕೆಮ್ಮಿದರೆ ಸಾಕು, ಕೈ ತಾನಾಗಿಯೇ ಕಾಳುಮೆಣಸಿನ ಡಬ್ಬಿಗೆ ಹೋಗುತ್ತದೆ. ಉಡುಪಿ ಕಡೆಯವನಾದ ನನಗೆ ಇದು ಹುಟ್ಟುಗುಣ. ದೇಶದ ರಾಜಧಾನಿಯ ವಸಂತ್ ಕುಂಜ್‌ಗೆ ಬಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸತೊಡಗಿದ ಮೇಲೂ ವೈದ್ಯ ಮಾತ್ರ ನಮ್ಮಜ್ಜಿಯದೇ. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿದರೆ ಕಷಾಯ. ನೆಗಡಿಗೂ ಅದೇ, ಅಜೀರ್ಣಕ್ಕೂ ಅದೇ, ಪರೀಕ್ಷೆಯ ಭಯಕ್ಕೂ ಅದೇ. ನನ್ನ ವಿದ್ಯಾರ್ಥಿಗಳು ನಮ್ಮ ಮನೆಯಲ್ಲಿ ಕೆಮ್ಮು ಬಂದರೂ ನುಂಗಿಕೊಂಡು ಕೂರುತ್ತಾರೆಂದು ಹೆಂಡತಿಯ ದೂರು.

ಹೀಗಿರುವಾಗ, ಚೌತಿಗೆ ಮೂರು ದಿನವಿದೆ ಎನ್ನುವಾಗ, ನಮ್ಮ ಬೆಕ್ಕು ಸುಬ್ಬಿ ಕೆಮ್ಮಿದಳು. ಕತ್ತು ಚಾಚಿ, ನೆಲಕ್ಕೆ ಒರಗಿ, ಖೊಕ್ ಖೊಕ್ ಎಂದಳು. ಆಗಿನ್ನೂ ನಮ್ಮ ಮನೆಗೆ ಇಂಟರ್ನೆಟ್ ಬಂದಿರಲಿಲ್ಲ. ಆನೆಗೂ ಕುದುರೆಗೂ ವೈದ್ಯಗ್ರಂಥ ಬರೆದ ನಮ್ಮ ಹಿರಿಯರು ಬೆಕ್ಕಿನ ಬಗ್ಗೆ ಬರೆದದ್ದು ನನಗೆ ಸಿಗಲಿಲ್ಲ. ರಾಜರು ಬೆಕ್ಕು ಹತ್ತಿ ಯುದ್ಧಕ್ಕೆ ಹೋಗಲಿಲ್ಲವಲ್ಲ! ಸರಿ, ಮಗಳು ಶ್ರುತಿಗೆ ಎಳವೆಯಲ್ಲಿ ಔಷಧ ಕುಡಿಸುತ್ತಿದ್ದ ಒಳಲೆಯನ್ನು ಹುಡುಕಿ ತೆಗೆದೆ. ಸುಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಒಳಲೆಯ ಮೂತಿಯನ್ನು ಬಾಯಿಗಿಟ್ಟು ನಾಲ್ಕು ಹನಿ ಕಷಾಯ ಬಿಟ್ಟೆ. ಅವಳು ನೊರೆ ಕಾರಿ, ನನ್ನ ಮುಂಗೈ ಪರಚಿ, ಮಂಚದಡಿ ಸೇರಿದಳು. ಬೆಲ್ಲ ಕಮ್ಮಿಯಾಯಿತೇನೋ ಎಂದುಕೊಂಡೆ.

ಅಂದಿನಿಂದ ಅವಳು ಹಾಲು ಮುಟ್ಟಲಿಲ್ಲ. ಚೌತಿಯ ಹಿಂದಿನ ದಿನ ಶ್ರುತಿ, "ಪಪ್ಪಾ, ಉಸ್‌ಕೋ ಕುಛ್ ಹೋ ಗಯಾ ತೋ? ಸುಬ್ಬಿಗೆ ಏನಾದ್ರೂ ಆದ್ರೆ?" ಎಂದು ಕೇಳಿ ಮುಖ ತಿರುಗಿಸಿಕೊಂಡಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಂದೇ ಕರೆದೊಯ್ದಾಗ ಪಶುವೈದ್ಯರು ಸುಬ್ಬಿಯ ಹೊಟ್ಟೆ ಅದುಮಿ ನೋಡಿದರು. ಅದು ಕೆಮ್ಮೇ ಅಲ್ಲವಂತೆ. ಮೈ ನೆಕ್ಕುವಾಗ ನುಂಗಿದ ಕೂದಲು ಹೊಟ್ಟೆಯಲ್ಲಿ ಉಂಡೆ ಕಟ್ಟಿದೆ, ಅದನ್ನು ಕಕ್ಕಲು ಒದ್ದಾಡುತ್ತಿದ್ದಾಳೆ ಎಂದರು. ಜಾರಿಸುವ ಮದ್ದೊಂದನ್ನು ನೆಕ್ಕಿಸಿ, ನಾಳೆ ಸಂಜೆಯೊಳಗೆ ಉಂಡೆ ಬಾರದಿದ್ದರೆ ಆಪರೇಷನ್ ಮಾಡಬೇಕಾದೀತು ಎಂದರು. ಕಷಾಯದ ವಿಷಯ ಕೇಳಿದ ಮೇಲೆ ಕೈಮುಗಿದು, "ಪ್ರೊಫೆಸರ್ ಸಾಹಬ್, ಆಪ್ ಬಸ್ ಕುಛ್ ಮತ್ ಕೀಜಿಯೇ" ಎಂದು ಬೇಡಿಕೊಂಡರು. ಏನೂ ಮಾಡದಿರುವುದು ಎಷ್ಟು ಕಷ್ಟವೆಂದು ಅವರಿಗೇನು ಗೊತ್ತು?

ಮರುದಿನವೇ ಚೌತಿ. ಪಾರ್ಕಿನ ಹುಲ್ಲಿನ ಮೇಲೆ ನಾಯಿಗಳ ನಡವಳಿಕೆ ಕಂಡಿರುವ ನನ್ನವಳು ಗಣಪತಿಯ ಗರಿಕೆಯನ್ನು ಬಾಲ್ಕನಿಯ ಕುಂಡದಲ್ಲೇ ಬೆಳೆಸುತ್ತಾಳೆ. ಇಪ್ಪತ್ತೊಂದು ಎಸಳು ಎಣಿಸಿ ಹರಿವಾಣದಲ್ಲಿಟ್ಟು ಅವಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಸುಬ್ಬಿ ಮೆಲ್ಲಗೆ ಮಂಚದಡಿಯಿಂದ ಬಂದು ಹರಿವಾಣಕ್ಕೇ ಬಾಯಿ ಹಾಕಿದಳು. ನನ್ನವಳ ಕೈ ಮೇಲೆದ್ದಿತು.

"ಅಮ್ಮಾ, ರೋಕೋ ಮತ್! ತಿನ್ನಲಿ!" ಎಂದು ಶ್ರುತಿ ಕೂಗಿದಳು.

ಮಡಿಯಲ್ಲಿದ್ದ ನನ್ನವಳು ಒಂದು ಕ್ಷಣ ಬೆಕ್ಕನ್ನೂ ದೇವರನ್ನೂ ನೋಡಿದಳು. "ತಿನ್ನಲಿ ಬಿಡು. ಗಣಪತಿಗೆ ಬೇರೆ ಕೊಯ್ದು ತರ್ತೇನೆ," ಎಂದಳು.

ಅರ್ಧ ಗಂಟೆಯಲ್ಲಿ, ಪೂಜೆಗೆಂದು ಉಟ್ಟಿದ್ದ ನನ್ನ ಪಂಚೆಯ ಅಂಚಿನ ಮೇಲೆ, ಗರಿಕೆಯೊಂದಿಗೆ ಬೆರಳುದ್ದದ ಕೂದಲಿನ ಉಂಡೆ ಬಿತ್ತು. ಶ್ರುತಿ ಕುಣಿದಾಡಿದಳು. ಸುಬ್ಬಿ ನೇರ ಅಡುಗೆಮನೆಗೆ ಹೋಗಿ ಹಾಲಿಗಾಗಿ ನಮ್ಮನ್ನೆಲ್ಲ ಬೈಯತೊಡಗಿದಳು. ಅಷ್ಟು ಇಂಪಾದ ಬೈಗುಳವನ್ನು ನಾನು ಕೇಳಿರಲಿಲ್ಲ.

ಈಗ ಬಾಲ್ಕನಿಯಲ್ಲಿ ಎರಡು ಕುಂಡಗಳಿವೆ. ಒಂದು ದೇವರಿಗೆ, ಒಂದು ಸುಬ್ಬಿಗೆ ಎಂದು ನನ್ನವಳ ಅಪ್ಪಣೆ. ಸುಬ್ಬಿ ತಿನ್ನುವುದು ಮಾತ್ರ ದೇವರ ಕುಂಡದ್ದನ್ನೇ. ಆಗೆಲ್ಲ ನನ್ನವಳು ಕಂಡರೂ ಕಾಣದವಳಂತೆ ಆಚೆ ತಿರುಗಿ ಬಟ್ಟೆ ಒಣಹಾಕುತ್ತಾಳೆ. ಅವಳ ಕೈಗುಣ ನನ್ನದಕ್ಕಿಂತ ಒಳ್ಳೆಯದೆಂದು ನಾನೂ ಒಪ್ಪಿಕೊಂಡಿದ್ದೇನೆ.